ವಿನಯವೂ ಕ್ರಮವಾದ ಕಲಿಕೆಯೂ

ವಿದ್ಯೆಗೆ ವಿನಯವೇ ಭೂಷಣವೆಂದು ನಮ್ಮ ನಾಡಿನಲ್ಲಿ ಎಲ್ಲರೂ ಹೇಳುವುದುಂಟು. ಭೂಷಣವೆಂದ ಕೂಡಲೆ ಅದು ಹೆಣ್ಣುಮಕ್ಕಳ ಪೆಟ್ಟಿಗೆಗೆ ಸೇರಿದ ವಸ್ತುವೆಂದು ಭಾವಿಸುವುದೂ ರೂಢಿಯಾಗಿದೆ. ಮಗಳನ್ನು ಶಾಲೆಗೆ ಸೇರಿಸಲು ಬರುವ ತಂದೆತಾಯಿಗಳು ನಮ್ಮೊಡನೆ ಆಡುವ ಮೊದಲ ಮಾತುಗಳಲ್ಲಿ ಇದೊಂದು: "ನಮ್ಮ ಮಗು ಬಹಳ ವಿನಯದ ಮಗು, ಮೇಡಂ, ಬಾಯಿಬಿಟ್ಟು ಒಂದು ಮಾತನ್ನೂ ಆಡುವವಳಲ್ಲ." ಮಗನನ್ನು ಹೀಗೆ ಹೊಗಳಿದ ತಂದೆಯನ್ನು ನಾವು ಈವರೆಗೆ ಕಂಡಿಲ್ಲ. ಸಭೆಯಲ್ಲಿಯೂ ಹೀಗೆಯೇ. ದೀನಭಾವವನ್ನು ಕುರಿತು ಪ್ರಸಂಗವಾಗುವಾಗ ಹಿರಿಯರ ದೃಷ್ಟಿಯು ತಾನಾಗಿಯೇ ಸ್ತ್ರೀಯರು ಕುಳಿತಿರುವ ಕಡೆಗೆ ತಿರುಗುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸದೆ ಇರಲಾರರು.

ಬಾಯಿಮುಚ್ಚಿಕೊಂಡಿರುವುದು ವಿನಯವಲ್ಲವೆಂಬುದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ಪಾಠವು ತಿಳಿಯದೆ ಇದ್ದರೂ ತಿಳಿದವಳಂತೆ ತಲೆಬಾಗಿ ಕುಳಿತಿರುವ ಹುಡುಗಿಯು ತನ್ನ ಅಜ್ಞಾನವನ್ನು ಮರೆಮಾಡುತ್ತಿರುವಳು. ನಲವತ್ತು ಮಂದಿಯ ಮುಂದೆ ಎದ್ದು ನಿಂತು, "ನನಗೆ ತಿಳಿಯಲಿಲ್ಲ, ಇನ್ನೊಂದು ಸಾರಿ ಹೇಳಿ" ಎನ್ನುವವಳೇ ನಿಜವಾದ ವಿನಯವುಳ್ಳವಳು. ಹಾಗೆ ಕೇಳಿದವಳ ಮೇಲೆ ಸಿಡುಕದೆ ಇನ್ನೊಂದು ಸಾರಿ ಹೇಳುವ ಉಪಾಧ್ಯಾಯಿನಿಯ ವಿನಯವು ಅದಕ್ಕಿಂತಲೂ ಹೆಚ್ಚಿನದು. ವಿನಯವೆಂಬುದು ಕಲಿಯುವವರ ಗುಣ. ಕಲಿಸುವವರೂ ಸಭೆಯಲ್ಲಿ ಎದ್ದು ಮಾತಾಡುವವರೂ ಅದನ್ನು ಮೊದಲು ರೂಢಿಸಿಕೊಳ್ಳತಕ್ಕದ್ದು. ಕ್ರಮವಾದ ಕಲಿಕೆಯಿಲ್ಲದಿರುವ ಕಡೆಯಲ್ಲಿ ಅದು ಬೆಳೆಯುವುದೂ ಇಲ್ಲ. ಇದನ್ನು ನಮ್ಮ ಜಿಲ್ಲೆಯ ಸಭೆಯ ಚರಿತ್ರೆಯಿಂದಲೇ ವಿವರಿಸಲಿಚ್ಛಿಸುತ್ತೇವೆ.

ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಗುಬ್ಬಿಯಲ್ಲಿ ಕೆಲಸವನ್ನಾರಂಭಿಸಿದರು. ಥಾಮಸ್ ಹಾಡ್ಸನ್ನರು ಅದಕ್ಕೆ ಕಾರಣರಾದವರು. ಆ ಕಾಲದಲ್ಲಿ ತುಮಕೂರು, ಕುಣಿಗಲುಗಳಲ್ಲಿಯೂ ಅವರ ಕೆಲಸವು ನಡೆಯಿತು. 1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರರು ಗುಬ್ಬಿಗೆ ಬಂದಾಗ ಅವರ ವಯಸ್ಸು ಇಪ್ಪತ್ತು. ದೇವಜ್ಞಾನವನ್ನು ಕಲಿತು, ಪ್ರಸಂಗಿಯೆನಿಸಿಕೊಂಡು ಬಂದ ಯುವಕರು ಅವರು. ಆದರೂ ನಮ್ಮ ನೆಲದಲ್ಲಿ ಅವರು ಮಾಡಬೇಕಾಗಿದ್ದ ಮೊದಲ ಕೆಲಸವು ಪ್ರಸಂಗವಲ್ಲ, ಅಕ್ಷರಾಭ್ಯಾಸ. ಅ, ಆ ಎಂದು ತೊಡಗಿ, ಕಾಗುಣಿತವನ್ನು ಒಪ್ಪಿಸಿ, ಒತ್ತಕ್ಷರಗಳನ್ನು ತಿದ್ದಿ, ನಮ್ಮ ಮೊದಲನೆಯ ತರಗತಿಯ ಮಗುವಿನಂತೆಯೇ ಅವರು ಕನ್ನಡವನ್ನು ಕಲಿಯಬೇಕಾಯಿತು. ಲಕಾರ ಳಕಾರಗಳ ಭೇದವು ನಾಲಗೆಗೆ ಬಾರದ ಪರದೇಶಿಯು ಬೆಲೆ ಎನ್ನಬೇಕಾದ ಕಡೆಯಲ್ಲಿ ಬೆಳೆ ಎಂದೂ, ಹಾಲು ಎನ್ನಬೇಕಾದ ಕಡೆಯಲ್ಲಿ ಹಾಳು ಎಂದೂ ಹೇಳಿದರೆ ಸಂತೆಯ ಜನರು ನಗದೆ ಇರುವರೇ? ಆ ನಗುವನ್ನು ಸಹಿಸಿ, ತಿದ್ದಿಕೊಂಡು, ಮರುವಾರ ಅದೇ ಸಂತೆಗೆ ಹೋಗುವುದೇ ಆಗಿನ ಮಿಷನರಿಗಳಿಗೆ ವಿನಯದ ಪಾಠವಾಗಿತ್ತು. ಆರೋಗ್ಯವು ಕೆಟ್ಟು 1841ರಲ್ಲಿ ಆರ್ಥರರು ಹಿಂದಿರುಗಿದರು. 1847ರಲ್ಲಿ ಮೈಸೂರು ಸೀಮೆಯ ಮಿಷನ್ನನ್ನು ಕುರಿತು ಅವರು ಬರೆದ ಪುಸ್ತಕವು ಪ್ರಕಟವಾಯಿತು. ಇಂದು ಅದನ್ನು ಓದುವವರಿಗೆ ನಮ್ಮ ಜನರ ಆಚಾರಗಳನ್ನು ಕುರಿತ ಕೆಲವು ಮಾತುಗಳು ಕಠಿಣವಾಗಿಯೇ ತೋರುವುವು. ಭಾಷೆಯ ಮುಂದೆ ಬಾಗಿದವರು ಎಲ್ಲದರ ಮುಂದೆಯೂ ಬಾಗಿದರೆಂದು ನಾವು ಹೇಳುವುದಿಲ್ಲ.

ಈ ಗುಣವನ್ನು ಇನ್ನೂ ಪೂರ್ಣವಾಗಿ ಕಾಣಬೇಕೆನ್ನುವವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲರನ್ನು ನೆನೆಯಬೇಕು. 1853ರಲ್ಲಿ ಈ ದೇಶಕ್ಕೆ ಬಂದ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತು ವರುಷಗಳು, ನಿಘಂಟಿನಲ್ಲಿ ಸುಮಾರು 70,000 ಶಬ್ದಗಳು. ಅದಕ್ಕೆ ಮುಂಚೆ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅವರು ಶೋಧಿಸಿ ಪ್ರಕಟಿಸಿದ್ದರು. ಕೇಶಿರಾಜನು ಹದಿಮೂರನೆಯ ಶತಮಾನದ ಜೈನ ವ್ಯಾಕರಣಕಾರ. ಸುವಾರ್ತೆಯನ್ನು ಸಾರಲು ಬಂದ ಕ್ರೈಸ್ತ ಬೋಧಕರು ಜೈನ ಗುರುವಿನ ಸೂತ್ರಗಳನ್ನು ಒಂದೊಂದಾಗಿ ಕಲಿತರು; ತಮ್ಮ ಭಕ್ತಿಗೆ ಅದರಿಂದ ಕುಂದಾಯಿತೆಂದು ಅವರು ಭಾವಿಸಲಿಲ್ಲ. ಕನ್ನಡದ ಪಾಠವನ್ನು ಹಗುರಾಗಿ ಕಾಣುವ ನಮ್ಮ ಕೆಲವು ಕ್ರೈಸ್ತ ಕುಟುಂಬಗಳವರು ಇದನ್ನು ಸ್ವಲ್ಪ ಆಲೋಚಿಸಬೇಕೆಂದು ಕೋರುತ್ತೇವೆ.

ಇನ್ನು ಕ್ರಮದ ವಿಷಯ. ನಮ್ಮ ಹಿರಿಯರ ಮೆಥಡಿಸ್ಟ್ ಎಂಬ ಹೆಸರಿನಲ್ಲಿಯೇ ಕ್ರಮವುಂಟು. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಗೊತ್ತಾದ ವೇಳೆಗೆ ಓದಿ, ಗೊತ್ತಾದ ವೇಳೆಗೆ ಪ್ರಾರ್ಥಿಸಿ, ಗೊತ್ತಾದ ದಿನ ಬಡವರನ್ನು ಕಾಣಲು ಹೋಗುತ್ತಿದ್ದ ವೆಸ್ಲಿ ಸಹೋದರರನ್ನೂ ಅವರ ಸಂಗಡಿಗರನ್ನೂ ಇತರರು ಹಾಸ್ಯಮಾಡಿ 'ಕ್ರಮದವರು' ಎಂದು ಕರೆದರು. ಹಾಸ್ಯದ ಹೆಸರೇ ನಿಂತಿತು. ಈ ಕ್ರಮವನ್ನು ಅವರು ವಿಶ್ವವಿದ್ಯಾಲಯದಲ್ಲಿ ಕಲಿತವರಲ್ಲ, ತಾಯಿಯಿಂದ ಕಲಿತವರು. ಸುಸನ್ನಾ ವೆಸ್ಲಿಯವರು ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಅನೇಕರನ್ನು ಎಳೆತನದಲ್ಲಿಯೇ ಕಳೆದುಕೊಂಡ ತಾಯಿ. ಉಳಿದ ಮಕ್ಕಳಿಗೆ ಐದು ವರುಷ ತುಂಬಿದಾಗ ಒಂದೇ ದಿನದಲ್ಲಿ ಅಕ್ಷರಗಳನ್ನು ಕಲಿಸಿ, ಸತ್ಯವೇದದ ಮೊದಲನೆಯ ಪುಸ್ತಕದ ಮೊದಲನೆಯ ಅಧ್ಯಾಯದಿಂದಲೇ ಓದನ್ನಾರಂಭಿಸುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಮಾತ್ರ ಅಕ್ಷರಗಳಿಗೆ ಒಂದೂವರೆ ದಿನವನ್ನು ತೆಗೆದುಕೊಂಡರಂತೆ. ತಾಯಿಯು ಅವರನ್ನು ಮಂದಬುದ್ಧಿಯವರೆಂದು ಎಣಿಸಿದರು. ಆದರೆ 1732ರಲ್ಲಿ ಮಗ ಜಾನನಿಗೆ ಬರೆದ ಕಾಗದದಲ್ಲಿ ಅದರ ಕಾರಣವನ್ನೂ ಹೇಳಿದ್ದಾರೆ: ಉಳಿದವರು ಅಷ್ಟು ಬೇಗ ಕಲಿತದ್ದರಿಂದಲೇ ತಮಗೆ ಹಾಗೆ ತೋರಿತೆಂದು. ಮಗುವಿನ ದೋಷವೆಂದು ಕಂಡದ್ದು ತನ್ನ ಅಳತೆಗೋಲಿನಿಂದ ಬಂದ ತೋರಿಕೆಯೆಂದು ಬರೆದಿಡುವ ತಾಯಂದಿರು ಎಷ್ಟು ಮಂದಿ? ಪರೀಕ್ಷೆಯ ಅಂಕಗಳನ್ನು ಹಿಡಿದು ಅಕ್ಕನೊಡನೆ ತಂಗಿಯನ್ನು ಹೋಲಿಸುವ ತಂದೆತಾಯಿಗಳು ಆ ಒಂದೂವರೆ ದಿನವನ್ನು ನೆನಪಿನಲ್ಲಿಡಲಿ.

ಇದೇ ತಾಯಿಯ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. 1711–12ರ ಚಳಿಗಾಲದಲ್ಲಿ ಸಭಾಪಾಲಕರಾದ ಅವರ ಪತಿಯು ಲಂಡನ್ನಿಗೆ ಹೋಗಿದ್ದಾಗ, ಸುಸನ್ನಾರವರು ಭಾನುವಾರದ ಸಾಯಂಕಾಲ ಮನೆಯ ಮಕ್ಕಳಿಗೂ ಆಳುಗಳಿಗೂ ಪ್ರಸಂಗಗಳನ್ನು ಓದಿ ಹೇಳತೊಡಗಿದರು. ನೆರೆಯವರು ಬಂದರು, ಅವರ ನೆಂಟರು ಬಂದರು, ಕೊನೆಗೆ ಸುಮಾರು ಇನ್ನೂರು ಮಂದಿ ಸೇರುವಂತಾಯಿತು. ಪತಿಯ ಬದಲಿಗೆ ನೇಮಕವಾಗಿದ್ದ ಉಪಪಾಲಕರಿಗೆ ಇದು ಸೇರದೆ ದೂರು ಹೋಯಿತು. ಪತಿಯು ನಿಲ್ಲಿಸಬೇಕೆಂದು ಬರೆದರು. ಸುಸನ್ನಾರವರು ಜಗಳವಾಡಲಿಲ್ಲ, ಸುಮ್ಮನಾಗಲೂ ಇಲ್ಲ. ಈ ಕೂಟದಿಂದಾದ ಒಳ್ಳೆಯದನ್ನು ವಿವರಿಸಿ, ಇದನ್ನು ನಿಲ್ಲಿಸಲೇಬೇಕೆಂದಿದ್ದರೆ ಬರಿಯ ಇಷ್ಟವನ್ನು ತಿಳಿಸದೆ ಸ್ಪಷ್ಟವಾದ ಆಜ್ಞೆಯನ್ನೇ ಕೊಡಬೇಕೆಂದೂ, ಆಗ ದೇವರ ಮುಂದೆ ಅದರ ಹೊಣೆಯು ಪತಿಯದೇ ಆಗುವುದೆಂದೂ ಉತ್ತರ ಬರೆದರು. ಕೂಟವು ನಡೆಯಿತು. ಆಗ ಎಂಟು ವರುಷದ ಬಾಲಕನಾಗಿದ್ದ ಜಾನ್ ವೆಸ್ಲಿಯು ಆ ಮನೆಯಲ್ಲಿಯೇ ಬೆಳೆಯುತ್ತಿದ್ದನು. ಆಕೆಯನ್ನು ವಿನಯವಿಲ್ಲದವಳೆಂದು ಹೇಳುವ ಧೈರ್ಯವು ಯಾರಿಗಿದೆ?

ಹೀಗಿರಲು, ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಅಪೊಸ್ತಲನಾದ ಪೌಲನು ಬರೆದಿರುವನಲ್ಲವೇ ಎಂದು ಕೆಲವರು ಕೇಳುವರು. ಕೇಳುವವರು ಆ ಅಧ್ಯಾಯವನ್ನು ಮೊದಲಿನಿಂದ ಓದಬೇಕು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಮೌನವಾಗಿರಬೇಕೆಂದು ಹೇಳಿಸಿಕೊಂಡವರು ಮೂರು ಗುಂಪಿನವರು. ಅರ್ಥ ಹೇಳುವವರಿಲ್ಲದೆ ಅನ್ಯಭಾಷೆಯಲ್ಲಿ ಮಾತಾಡುವವರು, ಇನ್ನೊಬ್ಬನು ಎದ್ದಾಗಲೂ ಮಾತು ನಿಲ್ಲಿಸದ ಪ್ರವಾದಿಗಳು, ಆಮೇಲೆ ಸ್ತ್ರೀಯರು. ಮೊದಲನೆಯ ಎರಡು ಗುಂಪಿನವರನ್ನು ಕುರಿತು ನಮ್ಮ ಕಡೆಯಲ್ಲಿ ಪ್ರಸಂಗವಾದದ್ದನ್ನು ನಾವು ಕೇಳಿಲ್ಲ. ಅದೇ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಾರ್ಥಿಸುವ, ಪ್ರವಾದಿಸುವ ಸ್ತ್ರೀಯರ ಮಾತೂ ಬಂದಿದೆ. ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಸ್ತ್ರೀಯು ಶಾಂತಳಾಗಿ ಕಲಿಯಬೇಕೆಂಬ ಅಪ್ಪಣೆಯಿದೆ. 'ಶಾಂತಳಾಗಿ' ಎಂಬುದನ್ನು ಹಿಡಿದುಕೊಂಡವರು 'ಕಲಿಯಬೇಕು' ಎಂಬುದನ್ನು ಬಿಟ್ಟುಬಿಟ್ಟರು. ಇನ್ನು ಅಪೊಲ್ಲೋಸನ ವೃತ್ತಾಂತ. ಅಲೆಕ್ಸಾಂದ್ರಿಯದವನಾದ ಆ ವಾಕ್ಚತುರನು ಎಫೆಸದಲ್ಲಿ ಧೈರ್ಯವಾಗಿ ಉಪದೇಶಿಸುತ್ತಿದ್ದಾಗ, ಗುಡಾರ ಮಾಡುವ ಕಸುಬಿನ ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಬೇರೆಯಾಗಿ ಕರೆದು ಅವನಿಗೆ ತಿಳಿಯದಿದ್ದುದನ್ನು ತಿಳಿಸಿಕೊಟ್ಟರು. ಜನರ ಮುಂದೆ ಅವನನ್ನು ಅವಮಾನಪಡಿಸಲಿಲ್ಲ. ಅದು ಕಲಿಸಿದವರ ವಿನಯ. ಕೈಕಸುಬಿನ ದಂಪತಿಗಳಿಂದ, ಅದರಲ್ಲಿಯೂ ಒಬ್ಬ ಸ್ತ್ರೀಯಿಂದ, ಪಂಡಿತನು ಕಲಿತುಕೊಂಡನು. ಅದು ಕಲಿತವನ ವಿನಯ.

ಈಗ ನಮ್ಮ ಊರುಗಳ ಮಾತಿಗೆ ಬರೋಣ. ಗುಬ್ಬಿಯಿಂದಲೂ ಕುಣಿಗಲಿನಿಂದಲೂ ಮುಂಜಾನೆ ಬಸ್ಸು ಹಿಡಿದು ಬರುವ ಹುಡುಗಿಯರು ನಮ್ಮಲ್ಲಿ ಬೀಜಗಣಿತದ ಸಮೀಕರಣವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಾರೆ. ಅವರನ್ನೇ ಅರಸರ ಕಾಲವು ಮೊದಲೋ ನ್ಯಾಯಸ್ಥಾಪಕರ ಕಾಲವು ಮೊದಲೋ ಎಂದು ಕೇಳಿದರೆ ಮುಖ ನೋಡುತ್ತಾರೆ. ಹತ್ತು ವರುಷ ಭಾನುವಾರ ಶಾಲೆಗೆ ಹೋದ ಮಕ್ಕಳು! ದೋಷವು ಅವರದಲ್ಲ. ನೋಹನ ನಾವೆ, ದಾವೀದನ ಕವಣೆ, ದಾನಿಯೇಲನ ಸಿಂಹಗಳು, ಪುನಃ ನೋಹನ ನಾವೆ, ಹೀಗೆ ವರುಷ ವರುಷವೂ ಅವೇ ಕಥೆಗಳು ತಿರುಗುತ್ತಿರುವುವು. ಮನೆಯಲ್ಲಿ ನೋಡಿದರೆ ಫೋನಿನಲ್ಲಿ ದಿನಕ್ಕೊಂದು ವಚನವು ಹೂವಿನ ಚಿತ್ರದೊಡನೆ ಬರುತ್ತದೆ. ಯಾರು ಯಾರಿಗೆ ಏತಕ್ಕೆ ಹೇಳಿದ್ದೆಂಬುದು ಕಳುಹಿಸಿದವರಿಗೂ ಗೊತ್ತಿಲ್ಲ. ಹತ್ತನೆಯ ತರಗತಿಗೆ ಬಂದೊಡನೆ ಭಾನುವಾರ ಬೆಳಿಗ್ಗೆ ಟ್ಯೂಷನ್ನಿಗೆಂದು ಆ ಹುಡುಗಿಯನ್ನು ಬಿಡಿಸಿಬಿಡುತ್ತಾರೆ. ಪ್ರಶ್ನೆ ಕೇಳುವ ಬುದ್ಧಿಯು ಬಲಿಯುವ ವಯಸ್ಸಿನಲ್ಲಿ ಸಭೆಯ ಕಲಿಕೆಯು ನಿಂತುಹೋಗುತ್ತದೆ. ಗಣಿತಕ್ಕೆ ಪಾಠಕ್ರಮವು ಬೇಕು, ದೇವರ ವಾಕ್ಯಕ್ಕೆ ಮಾತ್ರ ಬೇಡವೆಂಬುದು ಯಾವ ನ್ಯಾಯ?

ಹೀಗೆ ಬಿಟ್ಟವರಲ್ಲದೆ ಕಲಿತು ನಿಂತವರ ಪಾಡೂ ಉಂಟು. ನಮ್ಮಲ್ಲಿ ಓದಿ, ತರಬೇತಿ ಹೊಂದಿ, ಉಪಾಧ್ಯಾಯಿನಿಯಾದ ಒಬ್ಬಳು ತನ್ನ ಊರಿನ ಸಭೆಯ ಸತ್ಯವೇದ ಪಾಠದಲ್ಲಿ ಒಂದು ಪ್ರಶ್ನೆಯನ್ನು ಕೇಳಿದಳಂತೆ. ಪಾಠ ನಡೆಸುತ್ತಿದ್ದವರು ಉತ್ತರಕ್ಕೆ ಬದಲಾಗಿ, "ಅಮ್ಮಾ, ಮೊದಲು ದೀನತೆಯನ್ನು ಕಲಿತುಕೋ" ಎಂದರಂತೆ. ಸಭೆಯ ಹೆಸರನ್ನು ಹೇಳುವುದು ನಮಗೆ ಬೇಕಿಲ್ಲ. ಆ ಪ್ರಶ್ನೆಗೆ ಉತ್ತರವು ಅವರಿಗೆ ತಿಳಿಯದೆ ಇದ್ದಿರಬಹುದು. ತಿಳಿಯದೆ ಇರುವುದು ತಪ್ಪಲ್ಲ. "ಮುಂದಿನ ವಾರ ನೋಡಿಕೊಂಡು ಬಂದು ಹೇಳುತ್ತೇನೆ" ಎಂದಿದ್ದರೆ ದೀನತೆಯ ಪಾಠವು ಅಲ್ಲಿಯೇ ಆಗಿಹೋಗುತ್ತಿತ್ತು. ಕರ್ತನಾದ ಯೇಸು ಹನ್ನೆರಡು ವರುಷದ ಬಾಲಕನಾಗಿ ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಮಾಡಿದ್ದು ಎರಡು ಕೆಲಸ: ಕೇಳಿಸಿಕೊಂಡದ್ದು, ಪ್ರಶ್ನೆಗಳನ್ನು ಕೇಳಿದ್ದು. ಬೋಧಕರು ಆತನನ್ನು ಗದರಿಸಿದರೆಂದು ಎಲ್ಲಿಯೂ ಬರೆದಿಲ್ಲ. ಆತನೇ ಮುಂದೆ ಶಿಷ್ಯರ ಕಾಲು ತೊಳೆಯಲು ಬಗ್ಗಿದಾಗ, ಆ ಕೋಣೆಯಲ್ಲಿದ್ದವರಲ್ಲಿ ಗುರುವು ಆತನೊಬ್ಬನೇ.

1947ನೆಯ ಇಸವಿ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಬೇರೆಬೇರೆ ಪದ್ಧತಿಗಳಲ್ಲಿ ಬೆಳೆದಿದ್ದವರು ಒಬ್ಬರಿಂದೊಬ್ಬರು ಕಲಿಯಲೊಪ್ಪಿದರು. ನಮ್ಮ ವೆಸ್ಲಿಯನ್ ಹಿರಿಯರು ಬಿಷಪ್ಪರನ್ನು ಅಂಗೀಕರಿಸಿದರು. 2013ರಲ್ಲಿ ಅದೇ ಸಭೆಯು ನಂದ್ಯಾಲದ ಮೇತ್ರಾಸನಕ್ಕೆ ಪುಷ್ಪಲಲಿತಾ ಅವರನ್ನು ಪ್ರಥಮ ಸ್ತ್ರೀ ಬಿಷಪ್ಪರನ್ನಾಗಿ ಅಭಿಷೇಕಿಸಿತು. ಸಭೆಯೇ ಇಷ್ಟು ಕಲಿತಿರುವಾಗ ನಮ್ಮ ಊರುಗಳ ಸತ್ಯವೇದ ಪಾಠಗಳು ಕಲಿಯಲಾರದೆ ಇರಲು ಕಾರಣವಿಲ್ಲ.

ಕೋರಿಕೆಗಳು ಕೆಲವು. ತಂದೆತಾಯಿಗಳು ಹತ್ತನೆಯ ತರಗತಿಯ ಭಾನುವಾರದ ಒಂದು ಗಂಟೆಯನ್ನು ಟ್ಯೂಷನ್ನಿಗೆ ಕೊಡಬಾರದು. ಆ ಒಂದು ಗಂಟೆಯಿಂದ ಅಂಕಗಳು ಕಡಮೆಯಾಗುವುದನ್ನು ನಾವು ಕಂಡಿಲ್ಲ. ಮಗಳು ಪ್ರಶ್ನೆ ಕೇಳಿದಳೆಂದು ನೆಂಟರ ಮುಂದೆ ನಾಚಿಕೊಳ್ಳಬಾರದು. ಸಭಾ ಸಮಿತಿಯವರು ಭಾನುವಾರ ಶಾಲೆಗೆ ವರುಷಕ್ಕೊಂದು ಪಾಠಕ್ರಮವನ್ನು ಗೊತ್ತುಮಾಡಿ ಬಾಗಿಲಿಗೆ ಅಂಟಿಸಲಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ತರಬೇತಿ ಹೊಂದಿದ ಉಪಾಧ್ಯಾಯಿನಿಯರು; ನಿವೃತ್ತರಾದವರೂ ಇದ್ದೀರಿ. ಪಾಠದ ಟಿಪ್ಪಣಿಯನ್ನು ಬರೆಯಲು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯ ಒಂದು ಕೊಠಡಿಯನ್ನು ಇದಕ್ಕಾಗಿ ಬಿಟ್ಟುಕೊಡುತ್ತೇವೆ. ತುಮಕೂರು, ಗುಬ್ಬಿ, ಕುಣಿಗಲಿನ ಸಭೆಗಳಲ್ಲಿ ಮಕ್ಕಳಿಗೆ ಕಲಿಸುವವರೆಲ್ಲರೂ, ಸ್ತ್ರೀಯರಾಗಲಿ ಪುರುಷರಾಗಲಿ, ಬಂದು ಕುಳಿತುಕೊಳ್ಳಬಹುದು. ಸತ್ಯವೇದವನ್ನೂ ಒಂದು ಬರೆಯುವ ಪುಸ್ತಕವನ್ನೂ ತರಬೇಕು. ಮೂರು ತಿಂಗಳಿಗೊಮ್ಮೆ ಪರೀಕ್ಷೆಯಿರುವುದು. ಸಭಾ ಹಿರಿಯರಿಗೂ ಅದರಿಂದ ವಿನಾಯಿತಿಯಿಲ್ಲ.