ಇಮೇಲ್ ವಿಳಾಸ ಸರಿ ಹಾಕದೆ ‘ಮೇಲ್ ಬಂದೇ ಇಲ್ಲ’ ಅನ್ನೋ ಸಾಹೇಬ್ರಿಗೆ



ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋ ನಮ್ಮ ಅಕ್ಕ ಒಬ್ಬರ ಮಗಳು ರಾಣೆಬೆನ್ನೂರಿನಲ್ಲಿ ಕಾಲೇಜು ಓದ್ತಾಳೆ. ಹಾಸ್ಟೆಲ್ಲಿನ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಅವಳ ಅಂಕ ತಪ್ಪಾಗಿ ನಮೂದಾಗಿತ್ತು. ಆಕ್ಷೇಪಣೆ ಇದ್ದವರು ಇಮೇಲ್ ಮಾಡಿ ಅಂತ ಕಚೇರಿಯೊಂದು ವೆಬ್‌ಸೈಟಿನಲ್ಲಿ ಹಾಕಿತ್ತು. ಗಡುವಿಗೆ ಎರಡು ದಿನ ಮೊದಲೇ ಹುಡುಗಿ ಆ ಲಿಂಕ್ ಒತ್ತಿ ಮೇಲ್ ಕಳಿಸಿದಳು. ವಾಪಸ್ ಬಂತು. ಮತ್ತೆ ಕಳಿಸಿದಳು, ಮತ್ತೆ ವಾಪಸ್. ಅವ್ವ-ಮಗಳು ಹಾವೇರಿಗೆ ಹೋಗಿ ಕೇಳಿದರೆ, “ನಮಗ ಮೇಲ್ ಬಂದೇ ಇಲ್ಲಮ್ಮ, ಡೇಟ್ ಮುಗೀತು.” ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದೆ ಸ್ವಾಮಿ, ಆ ದಿನದ ಕೂಲಿಯನ್ನ ಯಾರು ಕೊಡ್ತಾರೆ?

ನಾನು ಆ ಪುಟ ತೆಗೆದು ನೋಡಿದೆ. ಕಣ್ಣಿಗೆ ಕಾಣೋ ವಿಳಾಸ ಸರಿಯಾಗೇ ಇತ್ತು, ಕೊನೆಗೆ ಗವ್ ಡಾಟ್ ಇನ್. ಬೆರಳಿಂದ ಒತ್ತಿ ಹಿಡಿದರೆ ಲಿಂಕಿನ ಒಳಗೆ ಇದ್ದದ್ದು ಹಳೆಯ ನಿಕ್ ಡಾಟ್ ಇನ್ ವಿಳಾಸ! ಅಂದ್ರೆ, ಪುಟ ತಿದ್ದಿದವರು ಮೇಲಿನ ಅಕ್ಷರ ಬದಲಿಸಿ ಕೈ ತೊಳೆದುಕೊಂಡಿದ್ದಾರೆ. ಒಳಗಿನ ‘ಮೇಲ್‌ಟು’ ಹಾಗೇ ಉಳಿದಿದೆ. ಎಡಿಟರ್ ತೆರೆದು, ಲಿಂಕ್ ಬದಲಿಸಿ, ಸೇವ್ ಮಾಡಿ, ಕ್ಯಾಶ್ ಖಾಲಿ ಮಾಡಿದ್ರೆ ಮುಗೀತು. ಒಂದು ಚಾ ಕುಡಿಯೋದ್ರಾಗ ಆಗೋ ಕೆಲಸ.

ಇದೊಂದೇ ರೋಗ ಅಲ್ಲ. ಎಷ್ಟೋ ಸರ್ಕಾರಿ ಪುಟಗಳಲ್ಲಿ @ ಇರಬೇಕಾದ ಕಡೆ ಬ್ರಾಕೆಟ್ಟಿನೊಳಗೆ ‘ಅಟ್’, ಚುಕ್ಕೆ ಇರಬೇಕಾದ ಕಡೆ ‘ಡಾಟ್’ ಅಂತ ಇರುತ್ತೆ. ಅದನ್ನೇ ಕಾಪಿ ಮಾಡಿ ಕಳಿಸಿದರೆ ಮೇಲ್ ಹೋಗಲ್ಲ. ಜೂಮ್ಲಾದಲ್ಲಿ ಮಾಡಿದ ಸೈಟುಗಳಲ್ಲಿ ವಿಳಾಸ ಮುಚ್ಚಿಡೋ ಪ್ಲಗಿನ್ ಒಂದಿದೆ. ಜಾವಾಸ್ಕ್ರಿಪ್ಟ್ ಓಡದ ಫೋನಿನಲ್ಲಿ ವಿಳಾಸವೇ ಕಾಣಲ್ಲ, ‘ಸ್ಪ್ಯಾಮ್‌ಬಾಟ್‌ಗಳಿಂದ ರಕ್ಷಿಸಲಾಗಿದೆ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಮಾತ್ರ ಕಾಣುತ್ತೆ. ಇನ್ನು ಕೆಲವರು ವಿಳಾಸವನ್ನು ಫೋಟೋ ಮಾಡಿ ಅಂಟಿಸ್ತಾರೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನ ಓದೋದು ಹೇಗೆ?

“ಸ್ಪ್ಯಾಮ್ ಜಾಸ್ತಿ ಬರುತ್ತೆ” ಅಂತೀರಿ. ಸ್ಪ್ಯಾಮ್ ಸೋಸೋದು ಮೇಲ್ ಸರ್ವರಿನ ಕೆಲಸ. ಅದಕ್ಕಾಗಿ ಅರ್ಜಿದಾರರ ಮುಂದೆ ಬೇಲಿ ಹಾಕೋದು ಯಾವ ನ್ಯಾಯ? ಜಾಲತಾಣ ಇರೋದು ನಿಮ್ಮನ್ನ ನಮ್ಮಿಂದ ಕಾಪಾಡೋಕಲ್ಲ.

ಕಾನೂನು ಏನು ಹೇಳುತ್ತೆ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೇ ಕಲಂ ಪ್ರಕಾರ, ಪಡೆಯುವವರು ಗೊತ್ತು ಮಾಡಿದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಮೇಲ್ ಹೊಕ್ಕಾಗ ಅದು ತಲುಪಿದಂತೆ. ವಾಪಸ್ ಬಂದ ಮೇಲ್ ಹೊಕ್ಕಿಲ್ಲ. ಅಂದ್ರೆ ತಪ್ಪು ನಿಮ್ಮ ಪುಟದ್ದು, ಶಿಕ್ಷೆ ನಮ್ಮ ಹುಡುಗಿಗೆ!

“ಇದರಾಗೂ ಜಾತಿ ತರ್ತೀರೇನ್ರಿ?” ಅಂತ ಕೇಳೋರಿಗೂ ಉತ್ತರ ಇದೆ. ಕಚೇರಿಯೊಳಗೆ ಬೀಗರು, ನೆಂಟರು ಇದ್ದವರು ಸೀದಾ ಫೋನ್ ಮಾಡ್ತಾರೆ, ವಾಟ್ಸಪ್ ಮಾಡ್ತಾರೆ. ಅವರಿಗೆ ಲಿಂಕ್ ಬೇಕಾಗೇ ಇಲ್ಲ. ಲಿಂಕ್ ಬೇಕಾಗಿರೋದು ಒಳಗೆ ತಮ್ಮವರು ಅನ್ನೋರು ಯಾರೂ ಇಲ್ಲದವರಿಗೆ. ಇದೇ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ರು. ಮಾತಿನಲ್ಲಿ ಹೇಳಿದ್ದನ್ನ ಕೇಳೋ ಕಿವಿ ಇದ್ದಿದ್ರೆ ಯಾರು ಹಾಗೆ ಮಾಡ್ತಿದ್ರು? ಸಣ್ಣ ಬಾಗಿಲು ಅಂತ ಯಾವುದೂ ಇಲ್ಲ ಬಂಧುಗಳೇ, ಮುಚ್ಚಿದ ಬಾಗಿಲು ಎಲ್ಲಾ ದೊಡ್ಡದೇ.

ನಮ್ಮ ಬೇಡಿಕೆ:
1. ಹುಡುಗಿಯ ಆಕ್ಷೇಪಣೆಯನ್ನು ಮೊದಲ ಮೇಲ್‌ನ ದಿನಾಂಕದಿಂದಲೇ ಪರಿಗಣಿಸಬೇಕು.
2. ಪ್ರತಿ ಕಚೇರಿ ತನ್ನ ಪುಟದ ಪ್ರತಿ ಇಮೇಲ್ ಲಿಂಕನ್ನು ಸಾದಾ ಫೋನಿನಲ್ಲಿ ಒತ್ತಿ, ಮೇಲ್ ಕಳಿಸಿ ಪರೀಕ್ಷಿಸಬೇಕು.
3. ಪಕ್ಕದಲ್ಲೇ ದೂರವಾಣಿ ಸಂಖ್ಯೆ, ಪುಟ ತಿದ್ದಿದ ದಿನಾಂಕ ಮತ್ತು ಜವಾಬ್ದಾರಿ ಅಧಿಕಾರಿಯ ಹುದ್ದೆ ಇರಬೇಕು.

ನಮ್ಮ ಹುಡುಗ್ರು ಹುಡುಗೀರಿಗೆ ಒಂದು ಮಾತು. ಲಿಂಕ್ ಒತ್ತಿ ಹಿಡಿದು ಒಳಗಿನ ವಿಳಾಸ ನೋಡ್ರಿ. ‘ಅಟ್’, ‘ಡಾಟ್’ ಇದ್ರೆ ನೀವೇ @ ಮತ್ತು ಚುಕ್ಕೆ ಹಾಕ್ರಿ. ಮೇಲ್ ವಾಪಸ್ ಬಂದ್ರೆ ಅಳಿಸಬೇಡ್ರಿ, ಅದೇ ನಿಮ್ಮ ಸಾಕ್ಷಿ. ದಿನಾಂಕ, ವೇಳೆ ಕಾಣೋ ಹಂಗ ಸ್ಕ್ರೀನ್‌ಶಾಟ್ ತೆಗೆದು, ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ರಿ. ಆಮೇಲೆ ‘ಈ ಪುಟ ಕೊನೇ ಸಲ ಯಾವಾಗ ತಿದ್ದಿದ್ರಿ?’ ಅಂತ ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಕನ್ನಡದಲ್ಲೇ ಕೇಳ್ರಿ, 2005ರ ಕಾಯ್ದೆಯ 6ನೇ ಕಲಂ ಆ ಹಕ್ಕು ಕೊಟ್ಟಿದೆ.

ಅರ್ಜಿ ಬರೆಯೋದನ್ನ ಬಾಬಾಸಾಹೇಬರು ನಮಗೆ ಕಲಿಸಿ ಹೋಗಿದ್ದಾರೆ. ಅದು ತಲುಪೋ ದಾರಿ ಸರಿ ಇಡೋದು ನಿಮ್ಮ ಕೆಲಸ ಸಾಹೇಬ್ರೆ.

ಜೈ ಭೀಮ್. ಜೈ ಸಂವಿಧಾನ.