ರೂಪಾಯಿಯ ಪಕ್ಕದಲ್ಲಿ ಕಿಲೋ

ತಿಂಗಳ ದಿನಸಿಗೆ ಎಷ್ಟಾಯಿತು ಎಂದು ಬರೆದಿಡುವ ಮನೆಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಕೆಲವರದು ಡೈರಿ, ಕೆಲವರದು ಮಕ್ಕಳ ಹಳೆಯ ನೋಟ್‌ಬುಕ್ಕು, ಈಗೀಗ ಮೊಬೈಲು. ವರ್ಷಗಟ್ಟಲೆ ಬರೆದವರು ಎಂದಾದರೂ ಹಿಂದಿನ ಪುಟ ತಿರುವಿದರೆ ಕಣ್ಣು ಹೋಗುವುದು ಕೊನೆಯ ಮೊತ್ತದ ಮೇಲೆ. ಮೊತ್ತ ಏರಿದ್ದರೆ ಖರ್ಚು ಕೈಮೀರಿತು ಅನ್ನುತ್ತಾರೆ, ಏರದಿದ್ದರೆ ಸದ್ಯ ಹಿಡಿತದಲ್ಲಿದೆ ಅನ್ನುತ್ತಾರೆ. ಈ ಎರಡೂ ತೀರ್ಮಾನ ಎಷ್ಟೋ ಸಲ ತಪ್ಪಾಗಿರುತ್ತವೆ ಎಂದು ನನಗನ್ನಿಸುತ್ತದೆ. ದಿನಸಿಯ ಲೆಕ್ಕ ನಿಜ ಹೇಳಬೇಕಾದರೆ ಅದರಲ್ಲಿ ರೂಪಾಯಿಗಿಂತ ಮೊದಲು ಅಳತೆ ಇರಬೇಕು. ಎಷ್ಟು ಕಿಲೋ ಬೇಳೆ, ಎಷ್ಟು ಲೀಟರ್ ಎಣ್ಣೆ, ಎಷ್ಟು ತೆಂಗಿನಕಾಯಿ, ಉಂಡವರು ಎಷ್ಟು ಜನ.

ಹಾಲನ್ನೇ ತೆಗೆದುಕೊಳ್ಳಿ. 2024ರ ಜೂನ್‌ನಲ್ಲಿ, ಹಾಲಿನ ಸಂಗ್ರಹ ಹೆಚ್ಚಿದ್ದ ಹೊತ್ತಿನಲ್ಲಿ, ನಂದಿನಿಯ ಪ್ರತಿ ಪೊಟ್ಟಣಕ್ಕೂ 50 ಮಿಲಿಲೀಟರ್ ಹಾಲು ಸೇರಿಸಿ 2 ರೂಪಾಯಿ ಏರಿಸಲಾಯಿತು. ನೀಲಿ ಪೊಟ್ಟಣದ ಅರ್ಧ ಲೀಟರು 550 ಮಿಲಿಲೀಟರ್ ಆಗಿ 24 ರೂಪಾಯಿಗೆ ಬಂತು. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ 50 ಮಿಲಿಲೀಟರ್ ಹೋಯಿತು, ಲೀಟರಿಗೆ 4 ರೂಪಾಯಿ ಏರಿತು. ಅರ್ಧ ಲೀಟರಿನ ಪೊಟ್ಟಣ ಆಗಲೂ 24 ರೂಪಾಯಿಯೇ. ದಿನಕ್ಕೆರಡು ಪೊಟ್ಟಣ ತರುವ ಮನೆಯ ಪುಸ್ತಕದಲ್ಲಿ ಮಾರ್ಚ್‌ನಲ್ಲೂ ದಿನಕ್ಕೆ 48, ಏಪ್ರಿಲ್‌ನಲ್ಲೂ 48. ಬರೀ ರೂಪಾಯಿ ಬರೆದವರ ಪಾಲಿಗೆ ಏನೂ ಬದಲಾಗಿಲ್ಲ. ಆದರೆ ಮನೆಗೆ ಬರುತ್ತಿದ್ದ ಹಾಲು ತಿಂಗಳಿಗೆ 3 ಲೀಟರ್ ಕಡಿಮೆಯಾಯಿತು. ಲೀಟರಿನ ಲೆಕ್ಕದಲ್ಲಿ ಬೆಲೆ 43 ರೂಪಾಯಿ 64 ಪೈಸೆಯಿಂದ 48ಕ್ಕೆ, ಅಂದರೆ ಶೇ 10ರಷ್ಟು ಏರಿತು. ಇದಾದರೂ ಎಲ್ಲರಿಗೂ ತಿಳಿಸಿ ಮಾಡಿದ ಬದಲಾವಣೆ, ಪತ್ರಿಕೆಗಳಲ್ಲಿ ಬಂದದ್ದು. ಬಿಸ್ಕತ್ತು, ಸೋಪು, ಕುರುಕಲು ತಿಂಡಿಯ ಪೊಟ್ಟಣಗಳು ಅದೇ 10 ರೂಪಾಯಿಯಲ್ಲಿ ನಿಂತು ಒಳಗಿನ ಗ್ರಾಂ ಕಡಿಮೆಯಾಗುವುದನ್ನು ಯಾರೂ ಬಂದು ಹೇಳುವುದಿಲ್ಲ. ತೂಕ ಬರೆದಿಟ್ಟುಕೊಂಡ ಮನೆಗೆ ಮಾತ್ರ ಅದು ಗೊತ್ತಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕೂಲಿಯ ಮನೆಗಳಲ್ಲಿ, ಸಣ್ಣ ಸಂಬಳದ ಮನೆಗಳಲ್ಲಿ, ದಿನಸಿಗೆ ಇಷ್ಟೇ ಎಂದು ಎತ್ತಿಟ್ಟ ದುಡ್ಡಿರುತ್ತದೆ. ಬೆಲೆ ಏರಿದರೆ ಆ ದುಡ್ಡು ಏರುವುದಿಲ್ಲ, ಸಾರು ತೆಳುವಾಗುತ್ತದೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಹೋದಾಗ ಎಷ್ಟೋ ಮನೆಗಳಲ್ಲಿ ಬೇಳೆ ಬೇಯಿಸುವ ದಿನಗಳು ಕಡಿಮೆಯಾದವು, ಸಾರಿಗೆ ಹುರುಳಿಯೋ ಹೆಸರುಬೇಳೆಯೋ ಬಂತು. 2025ರಲ್ಲಿ ತೆಂಗಿನಕಾಯಿ ತುಟ್ಟಿಯಾದಾಗ ಚಟ್ನಿಗೆ ಹುರಿಗಡಲೆ ಹೆಚ್ಚಾಯಿತು, ಒಂದು ಹೋಳು ಹಾಕುವಲ್ಲಿ ಅರ್ಧ ಹೋಳು ಬಿತ್ತು. ಇಂಥ ಮನೆಯ ಐದು ವರ್ಷದ ಮೊತ್ತವನ್ನು ಗೆರೆ ಎಳೆದು ನೋಡಿದರೆ ಗೆರೆ ಸಮತಟ್ಟಾಗಿ ಕಾಣುತ್ತದೆ, ನೋಡಿದವರು ಅಚ್ಚುಕಟ್ಟಾದ ಸಂಸಾರ ಎಂದು ಮೆಚ್ಚುತ್ತಾರೆ. ತಟ್ಟೆಯಲ್ಲಿ ಏನು ಕಡಿಮೆಯಾಯಿತು, ಯಾರ ತಟ್ಟೆಯಲ್ಲಿ ಕಡಿಮೆಯಾಯಿತು ಎಂಬುದು ಆ ಗೆರೆಯಲ್ಲಿಲ್ಲ. ಕೊನೆಯಲ್ಲಿ ಊಟಕ್ಕೆ ಕೂರುವವಳ ತಟ್ಟೆಯಲ್ಲೇ ಮೊದಲು ಕಡಿಮೆಯಾಗುವುದು ಎಂಬುದನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ಬಳಿ ಅಂಕಿಅಂಶ ಇದೆಯಲ್ಲ, ಮನೆಯ ಪುಸ್ತಕ ಯಾಕೆ ಎಂದು ಕೇಳಬಹುದು. ಅಂಕಿಅಂಶ ಬೇಕೇ ಬೇಕು. 1857ರಲ್ಲಿ ಜರ್ಮನಿಯ ಎರ್ನ್ಸ್ಟ್ ಎಂಗೆಲ್, ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ವಿವರಗಳನ್ನಿಟ್ಟುಕೊಂಡು, ಕುಟುಂಬ ಬಡವಾದಷ್ಟೂ ಅದರ ಖರ್ಚಿನಲ್ಲಿ ಆಹಾರದ ಪಾಲು ಹೆಚ್ಚು ಎಂದು ತೋರಿಸಿದ. ಆತನ ಕೈಯಲ್ಲಿದ್ದದ್ದೂ ಮನೆಮನೆಯ ಲೆಕ್ಕಗಳೇ. ನಮ್ಮ ದೇಶದ ಮನೆ ಖರ್ಚಿನ ಸಮೀಕ್ಷೆಯಲ್ಲಿ 2011-12 ಮತ್ತು 2022-23ರ ನಡುವೆ ಆಹಾರದ ಪಾಲು ಹಳ್ಳಿಗಳಲ್ಲಿ ಶೇ 52.9ರಿಂದ 46.38ಕ್ಕೆ, ಪಟ್ಟಣಗಳಲ್ಲಿ ಶೇ 42.62ರಿಂದ 39.17ಕ್ಕೆ ಇಳಿದಿದೆ. ದೇಶಕ್ಕೆ ಇದು ಒಳ್ಳೆಯ ಸುದ್ದಿ ಇರಬಹುದು. ಒಂದು ಮನೆಯ ಮಟ್ಟಿಗೆ ಹಾಗೆಂದು ಹೇಳಲಾಗದು. ಬಾಡಿಗೆ, ಶಾಲೆಯ ಫೀಸು, ಔಷಧಿ ಏರಿ ಊಟವನ್ನು ಹಿಂಡಿದರೂ ಊಟದ ಪಾಲು ಇಳಿಯುತ್ತದೆ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಹಳ್ಳಿಗೆ ಶೇ 54.18, ಪಟ್ಟಣಕ್ಕೆ ಶೇ 36.29 ಇತ್ತು. ಮಂಡ್ಯದ ರಾಗಿಮುದ್ದೆಯ ಮನೆ, ವಿಜಯಪುರದ ಜೋಳದ ರೊಟ್ಟಿಯ ಮನೆ, ಮಂಗಳೂರಿನ ಕುಚ್ಚಲಕ್ಕಿ-ಮೀನಿನ ಮನೆ, ಮೂರೂ ಆ ಸರಾಸರಿಯೊಳಗೆ ಒಂದೇ. ತಮ್ಮ ಮನೆಗೆ ಏನಾಯಿತು ಎಂದು ತಿಳಿಯಬೇಕಾದವರು ತಮ್ಮದೇ ಪುಸ್ತಕ ನೋಡಬೇಕು.

ಆ ಪುಸ್ತಕಕ್ಕೆ ಹತ್ತದೇ ಹೋಗುವುದು ಬಹಳ. ಬೆಂಗಳೂರಿನ ಎಷ್ಟು ಮನೆಗಳಿಗೆ ಇಂದಿಗೂ ಊರಿಂದ ಅಕ್ಕಿ ಮೂಟೆ ಬರುತ್ತದೆ, ರಾಗಿ ಬರುತ್ತದೆ, ತೋಟದ ಕಾಯಿ, ವರ್ಷಕ್ಕಾಗುವಷ್ಟು ಹುಣಸೆಹಣ್ಣು ಬರುತ್ತದೆ! ಊರಲ್ಲಿ ಅಪ್ಪನಿಗೆ ಕೈಲಾಗದೆ ಗದ್ದೆಯನ್ನು ಗುತ್ತಿಗೆಗೆ ಕೊಟ್ಟ ವರ್ಷ ನಗರದ ಮನೆಯ ದಿನಸಿ ಬಿಲ್ಲು ದಿಢೀರನೆ ಜಿಗಿಯುತ್ತದೆ. ಯಾರೂ ಒಂದು ತುತ್ತು ಹೆಚ್ಚು ತಿಂದಿರುವುದಿಲ್ಲ. ಅನ್ನಭಾಗ್ಯದ ಅಕ್ಕಿಯೂ ಹಾಗೆಯೇ. 2023ರ ಜುಲೈನಲ್ಲಿ, ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ, ತಲೆಗೆ 170 ರೂಪಾಯಿ ಖಾತೆಗೆ ಹಾಕುವ ಪದ್ಧತಿ ಶುರುವಾಯಿತು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ದುಡ್ಡಿನ ಪುಸ್ತಕದಲ್ಲಿ ಮೊದಲನೆಯದು ಜಮಾ, ಎರಡನೆಯದಕ್ಕೆ ಸಾಲೇ ಇಲ್ಲ. ಅಳತೆಯ ಪುಸ್ತಕದಲ್ಲಾದರೆ ‘ಅಕ್ಕಿ, 20 ಕಿಲೋ, ರೂ. 0’ ಎಂಬ ಸಾಲು ಇರುತ್ತದೆ. ಆ ಸೊನ್ನೆಯ ಸಾಲಿನಿಂದ ಉಳಿದ ದುಡ್ಡು ಬೇಳೆಗೆ, ಮೊಟ್ಟೆಗೆ ಹೋಯಿತೋ ಇಲ್ಲವೋ ಎಂಬುದು ಅದರ ಕೆಳಗಿನ ಸಾಲುಗಳಲ್ಲಿ ಕಾಣಬೇಕು.

ಲೆಕ್ಕ ಬರೆಯುವುದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ನಾನು ಒಪ್ಪುತ್ತೇನೆ. ನಮ್ಮ ಅನೇಕ ಮನೆಗಳಲ್ಲಿ ಲೆಕ್ಕದ ಪುಸ್ತಕ ಅಡುಗೆ ಮಾಡುವವಳನ್ನು ವಿಚಾರಣೆಗೆ ನಿಲ್ಲಿಸುವ ಸಾಧನ. ಹಣ ಕೊಟ್ಟವನು ತಿಂಗಳ ಕೊನೆಯಲ್ಲಿ ಕೇಳುತ್ತಾನೆ, ಅವಳು ಜವಾಬು ಹೇಳುತ್ತಾಳೆ. ರುಬ್ಬಿದ ದೋಸೆಹಿಟ್ಟಿನ ಪ್ಯಾಕೆಟ್ಟು ಯಾಕೆ, ಮನೆಯಲ್ಲೇ ರುಬ್ಬಬಾರದಿತ್ತೇ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ನೆನೆಹಾಕಿ, ರುಬ್ಬಿ, ಗ್ರೈಂಡರು ತೊಳೆದಿಡುವ ಹೊತ್ತು ಮನೆಯ ಯಾವ ಪುಸ್ತಕದಲ್ಲೂ ಖರ್ಚಾಗಿ ಬರುವುದಿಲ್ಲ. ಆ ಹೊತ್ತು ಉಳಿಸಿದ ಪ್ಯಾಕೆಟ್ಟು ಮಾತ್ರ ದುಂದು ಎಂದು ದಾಖಲಾಗುತ್ತದೆ. ಮೊತ್ತ ಏರಿದ್ದೆಲ್ಲ ಕೈಬಿಚ್ಚಿದ್ದಲ್ಲ. ಅವಳಿಗೆ ಬೆಳಗ್ಗೆ ಒಂದು ಗಂಟೆ ನಿದ್ದೆ ಸಿಕ್ಕಿರಬಹುದು. ಹಾಗಾಗಿ ಪುಸ್ತಕವನ್ನು ಮನೆಯವರೆಲ್ಲ ಕೂತು ಓದಬೇಕು, ಗಂಡಸರೂ ಅಂಗಡಿಗೆ ಹೋಗಿ ತಂದು ಬರೆಯಬೇಕು. ಒಬ್ಬರು ಬರೆದು ಇನ್ನೊಬ್ಬರು ಪರೀಕ್ಷಿಸುವ ಲೆಕ್ಕಕ್ಕಿಂತ ಲೆಕ್ಕ ಇಲ್ಲದಿರುವುದೇ ವಾಸಿ.

ಅಳತೆ ಬರೆಯುವುದರ ಬೆಲೆ ಮನೆಯಾಚೆಗೂ ಇದೆ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಯನ್ನು ಹೇಗೆ ಲೆಕ್ಕ ಹಾಕಬೇಕೆಂದು ಹೇಳಿದಾಗ ರೂಪಾಯಿಯಿಂದ ಶುರು ಮಾಡಲಿಲ್ಲ. ದುಡಿಯುವವನ ಕುಟುಂಬ ಅಂದರೆ ಮೂರು ಬಳಕೆಯ ಘಟಕ, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಮೊದಲು ಊಟ, ಆಮೇಲೆ ಅದರ ಬೆಲೆ, ಅದಾದ ಮೇಲೆ ಕೂಲಿ. ಇಂದು ತುಟ್ಟಿಭತ್ಯೆಯ ಮಾತು ಬಂದಾಗಲೆಲ್ಲ ಚರ್ಚೆ ಸೂಚ್ಯಂಕದ ಅಂಶಗಳಲ್ಲಿ ಮುಗಿಯುತ್ತದೆ. ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳು ‘ಬೆಲೆ ಏರಿತು’ ಎಂದರೆ ಆಡಳಿತದವರು ಸೂಚ್ಯಂಕ ತೋರಿಸಬಹುದು. ‘ನಾಲ್ಕು ವರ್ಷದ ಹಿಂದೆ ನಮ್ಮ ಮನೆಗೆ ತಿಂಗಳಿಗೆ 3 ಕಿಲೋ ತೊಗರಿಬೇಳೆ ಬರುತ್ತಿತ್ತು, ಈಗ 2 ಕಿಲೋ, ಉಣ್ಣುವವರು ಅಷ್ಟೇ ಜನ’ ಎಂದು ದಿನಾಂಕ ಸಮೇತ ಪುಟ ತೆರೆದಿಟ್ಟರೆ ಅದಕ್ಕೆ ಸೂಚ್ಯಂಕದಲ್ಲಿ ಉತ್ತರವಿಲ್ಲ. ಅಂಥ ಪುಸ್ತಕಗಳು ಒಂದು ಬೀದಿಯಲ್ಲಿ ಹತ್ತಿಪ್ಪತ್ತು ಸೇರಿದರೂ ಕೂಲಿಯ ಮಾತುಕತೆಯ ಮೇಜಿನ ಮೇಲೆ ಅವನ್ನಿಡಬಹುದು.