ತಾಲ್ಲೂಕಿಗೆ ಚುಚ್ಚುಮದ್ದು ಬಂತು, ಮಾತ್ರೆ ಯಾವಾಗ?

ಎದೆನೋವು ಕಾಣಿಸಿಕೊಂಡ ರಾಮದುರ್ಗದ ರೋಗಿ ಬೆಳಗಾವಿ ತಲುಪಲು ಸುಮಾರು ನೂರು ಕಿ.ಮೀ. ಕ್ರಮಿಸಬೇಕು. ಸವದತ್ತಿ, ಬೈಲಹೊಂಗಲ, ಕಿತ್ತೂರಿನವರಿಗೆ ದಾರಿ ಅಷ್ಟು ದೂರವಲ್ಲವಾದರೂ ಹೃದಯಾಘಾತದ ಅಮೂಲ್ಯವಾದ ಮೊದಲ ಗಂಟೆಯನ್ನು ನುಂಗಲು ಸಾಕು. ಈ ಅಂತರ ತುಂಬಲೆಂದೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಆರಂಭಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲು ಮುಂದಾಯಿತು. ಸ್ವಾಗತಾರ್ಹವೇ.

ಆದರೆ ಆ ಹಂತಕ್ಕೇ ಹೋಗದಂತೆ ತಡೆಯಬಲ್ಲ ಸ್ಟಾಟಿನ್ ಮಾತ್ರೆಯ ಕಥೆ ಬೇರೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಶಿಲೀಂಧ್ರದಿಂದ ಬೇರ್ಪಡಿಸಿದ ಔಷಧದಿಂದ ಬೆಳೆದ ಈ ವರ್ಗ, ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನೇ ತಗ್ಗಿಸುತ್ತದೆ. ಅಟೋರ್ವಾಸ್ಟಾಟಿನ್ ದೇಶದ ಅಗತ್ಯ ಔಷಧ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರಗಳಲ್ಲಿ ಅಗ್ಗದ ದರಕ್ಕೂ ಸಿಗುತ್ತದೆ. ಕೊರತೆ ಇರುವುದು ಪರೀಕ್ಷೆಯಲ್ಲಿ. 30 ದಾಟಿದವರಿಗಾಗಿ ರಾಷ್ಟ್ರೀಯ ಕಾರ್ಯಕ್ರಮದಡಿ ನಡೆಯುವ ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆ, ಮೂರು ಬಗೆಯ ಕ್ಯಾನ್ಸರ್ ಇವೆ, ಕೊಲೆಸ್ಟ್ರಾಲ್ ಇಲ್ಲ. ಸಕ್ಕರೆ ಏರಿದರೆ ಬಾಯಾರಿಕೆಯಾದರೂ ಎಚ್ಚರಿಸೀತು, ಇದು ಸದ್ದೇ ಮಾಡದು.

ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಎಲ್‌ಡಿಎಲ್ ಸಾಮಾನ್ಯರಿಗೆ 100, ಮಧುಮೇಹದಂಥ ಹೆಚ್ಚಿನ ಅಪಾಯವಿರುವವರಿಗೆ 70, ಹೃದಯಾಘಾತವಾದವರಿಗೆ 55 ಮಿ.ಗ್ರಾಂ.ಗಿಂತ ಕಡಿಮೆ ಇರಬೇಕು. ಅಳೆಯದೆ ಈ ಗುರಿ ತಲುಪುವುದಾದರೂ ಹೇಗೆ?

ವರದಿ ಸರಿಬಂದೊಡನೆ ಮಾತ್ರೆ ಬಿಡುವ ರೂಢಿಯೂ ಇದೆ. ಮಾತ್ರೆಯಿಂದಲೇ ಇಳಿದ ಅಂಕಿ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಸ್ನಾಯುನೋವು ಕೆಲವರನ್ನು ಕಾಡುವುದುಂಟು; ಪ್ರಮಾಣ ಇಳಿಸುವ, ಬೇರೆ ಸ್ಟಾಟಿನ್‌ಗೆ ಬದಲಿಸುವ ಮಾರ್ಗ ವೈದ್ಯರಲ್ಲಿದೆ. ಸಕ್ಕರೆ ಪರೀಕ್ಷೆಗೆಂದು ತಾಲ್ಲೂಕು ಆಸ್ಪತ್ರೆಗೆ ಬರುವವರ ರಕ್ತವನ್ನೇ ಲಿಪಿಡ್ ಪರೀಕ್ಷೆಗೂ ಬಳಸುವುದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ.